ಕರಿ ಗುಂಡಿಯ ಮಿಲಿಟ್ರಿ ಕೋಟು

ನಮ್ಮಪ್ಪ ಹದಿನೇಳು ವರ್ಷ ಮಿಲಿಟ್ರಿಯಲ್ಲಿದ್ದ. ಹದಿನೇಳು ವರ್ಷವೂ ಅಡುಗೆ ಮಾಡಿದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮಿಲಿಟ್ರಿ ಅಂದ ಕೂಡಲೇ ಜನ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ, ಸೌಟಿನ ಸುದ್ದಿ ಬಂದಾಗ ಮುಖ ಸಣ್ಣದು ಮಾಡುತ್ತಾರೆ. ಗಡಿಯಲ್ಲಿ ಏನು ಮಾಡಿದಿ ಎಂದು ನಾನು ಸಣ್ಣವಳಿದ್ದಾಗ ಕೇಳಿದರೆ, ಸಾರಿಗೆ ಉಪ್ಪು ಕಡಿಮೆ ಆಗದ ಹಾಗೆ ನೋಡಿಕೊಂಡೆ ಅನ್ನುತ್ತಿದ್ದ. ಅವನು ತೀರಿಕೊಂಡು ಈಗ ಮೂರು ವರ್ಷ.

ಈ ಸಲ ಜನವರಿಯಲ್ಲಿ ಶಲವಡಿಯ ನಮ್ಮ ಓಣಿಯ ವಾಟ್ಸ್ಯಾಪ್ ಗುಂಪಿನಲ್ಲಿ ಶಾಲೆಯ ಹೆಡ್‌ಮಾಸ್ತರರ ಮೆಸೇಜು ಬಂತು. ಊರಿನಿಂದ ಸೈನ್ಯಕ್ಕೆ ಹೋದವರ ಹಳೆಯ ಫೋಟೋ ಕಳಿಸಿರಿ, ದೊಡ್ಡದು ಮಾಡಿಸಿ ಶಾಲೆಯ ಗೋಡೆಗೆ ಹಾಕುತ್ತೇವೆ, ಇಪ್ಪತ್ತಾರರಂದು ಝಂಡಾದ ದಿನ ಸತ್ಕಾರ. ಕೆಳಗೆ ಒಂದು ಷರತ್ತು: ಫೋಟೋ ಯೂನಿಫಾರ್ಮಿನಲ್ಲಿರಬೇಕು. ನನ್ನನ್ನು ಕೊಟ್ಟ ಮನೆ ನವಲಗುಂದ. ಅವ್ವ ಫೋನು ಮಾಡಿ, ಗೋಡೆಯ ಮೇಲೆ ನಿಮ್ಮಪ್ಪ ಇಲ್ಲದಿದ್ದರೆ ನಾನು ಆ ಶಾಲೆಯ ಬಾಗಿಲು ತುಳಿಯುವುದಿಲ್ಲ, ಫೋಟೋ ಹುಡುಕಿಕೊಡುವುದು ನಿನ್ನ ಕೆಲಸ ಅಂದಳು. ಮರುದಿನವೇ ಬಸ್ಸು ಹತ್ತಿದೆ.

ಮನೆಯಲ್ಲಿದ್ದದ್ದು ಮೂರೇ ಫೋಟೋ. ಒಂದರಲ್ಲಿ ಅಪ್ಪ ಬನಿಯನ್-ಚಡ್ಡಿಯಲ್ಲಿ ಆಳೆತ್ತರದ ಹಂಡೆಯ ಮುಂದೆ ಸೌಟು ಹಿಡಿದು ನಿಂತಿದ್ದಾನೆ. ಇನ್ನೊಂದು ಪೆನ್ಶನ್ ಪುಸ್ತಕದ್ದು. ಅದರ ಮೇಲೆ ಯಾವನೋ ಗುಮಾಸ್ತ ಎಷ್ಟು ಪ್ರೀತಿಯಿಂದ ಶಿಕ್ಕಾ ಒತ್ತಿದ್ದಾನೆಂದರೆ ಅಪ್ಪನದು ಒಂದು ಕಿವಿ, ಅರ್ಧ ಮೀಸೆ ಮಾತ್ರ ಉಳಿದಿದೆ. ಮೂರನೆಯದು ಮದುವೆಯದು. ಅದರಲ್ಲಿ ತನ್ನ ಅಳತೆಯದಲ್ಲದ ಬಿಳಿ ಅಂಗಿ ಹಾಕಿಕೊಂಡು, ತೋಳು ಸಾಲದೆ ಮೊಣಕೈ ಹತ್ತಿರ ಮಡಚಿಕೊಂಡು ಕೂತಿದ್ದಾನೆ. ಪಲ್ಟಣದ ಗ್ರೂಪ್ ಫೋಟೋ ಯಾಕಿಲ್ಲ ಅಂದರೆ, ಗ್ರೂಪ್ ಫೋಟೋದ ದಿನ ದೊಡ್ಡ ಊಟ ಇರುತ್ತದೆ, ದೊಡ್ಡ ಊಟದ ದಿನ ಅಡುಗೆಯವನು ಒಲೆಯ ಮುಂದಿರುತ್ತಾನೆ.

ಹಾಗಂತ ಯೂನಿಫಾರ್ಮು ಇರಲಿಲ್ಲ ಅಂತಲ್ಲ. ಹಸಿರು ಉಣ್ಣೆಯ ಕೋಟು, ಐದು ಹಿತ್ತಾಳೆ ಗುಂಡಿ. ಮೂರನೆಯ ಗುಂಡಿ ಎಲ್ಲೋ ಬಿದ್ದುಹೋಗಿ, ಅಜ್ಜಿ ಆ ಜಾಗಕ್ಕೆ ಒಂದು ಕರಿ ಗುಂಡಿ ಹೊಲಿದಿದ್ದಳು. ಅಪ್ಪ ರಜೆಗೆ ಬಂದು ಟ್ರಂಕು ಇಳಿಸಿದ ದಿನ ಊರಲ್ಲಿ ದೇಶಭಕ್ತಿ ಉಕ್ಕುತ್ತಿತ್ತು. ಅರ್ಧ ಜನ ರಮ್ ಬಾಟಲಿಗೆ ಬರುತ್ತಿದ್ದರು, ಉಳಿದರ್ಧ ಕೋಟಿಗೆ. ಕನ್ಯೆಯ ಮನೆಗೆ ಕಳಿಸಲು ಗಂಡಿನ ಫೋಟೋ ಬೇಕಲ್ಲ. ನವಲಗುಂದದ ಸ್ಟುಡಿಯೋದವನ ಹತ್ತಿರ ಒಂದು ಕರಿ ಕೋಟು ಇತ್ತು, ಆದರೆ ಅದು ತಾಲೂಕಿನ ಎಲ್ಲಾ ಗಂಡುಗಳ ಬೆವರು ಕುಡಿದು ತಾನೇ ನಿಲ್ಲುವಷ್ಟು ಬಿರುಸಾಗಿತ್ತು. ಅಪ್ಪನ ಕೋಟು ಹಾಕಿದರೆ ಎರೆಹೊಲದಲ್ಲಿ ಹತ್ತಿ ಬಿಡಿಸುವ ನರಪೇತಲನಿಗೂ ಎದೆ ಬರುತ್ತಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಮ್ಮೂರಿನವರು ಒಂದೇ ಕೋಟಿನಲ್ಲಿ ಮುಗಿಸುತ್ತಿದ್ದರು. ಅಪ್ಪ ಯಾರಿಗೂ ಇಲ್ಲ ಅಂದವನಲ್ಲ. ಕೊನೆಗೆ ಯಾವನೋ ಒಬ್ಬ ಒಯ್ದವನು ವಾಪಸ್ ಕೊಡಲೇ ಇಲ್ಲ, ಅಪ್ಪ ಕೇಳಲೂ ಇಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವ್ವ ಅವನನ್ನು ಬೈಯುವುದು ಸುಮ್ಮನೆ ಅಲ್ಲ. ಅವ್ವನ ತವರು ದುಮ್ಮವಾಡ. ಅಳಿಯ ಮಿಲಿಟ್ರಿಯವನು ಎಂದು ನಮ್ಮ ಅಜ್ಜ ಆ ಊರಿಗೆಲ್ಲ ಸಾರಿದ್ದನಂತೆ. ಮದುವೆಗೆ ಬರುವ ಅಳಿಯನ ಕೋಟು ನೋಡಲೆಂದೇ ಜನ ಊರಬಾಗಿಲ ಅಗಸಿಯವರೆಗೆ ಬಂದಿದ್ದರು. ದಿಬ್ಬಣದ ಲಾರಿಯಿಂದ ಇಳಿದವನು ನೋಡಿದರೆ ಗಿಡ್ಡ ತೋಳಿನ ಬಿಳಿ ಅಂಗಿಯವನು. ಇವನು ಮಿಲಿಟ್ರಿಯವನೋ ಹೋಟೆಲ್ಲಿನ ಮಾಣಿಯೋ ಎಂದು ಅವ್ವನ ಚಿಕ್ಕವ್ವ ಎಲ್ಲರಿಗೂ ಕೇಳುವಂತೆ ಅಂದಳಂತೆ. ಕೋಟು ಎಲ್ಲಿ ಅಂದರೆ ಅಪ್ಪ, ಇಸ್ತ್ರಿಗೆ ಕೊಟ್ಟಿದ್ದೆ, ಇಸ್ತ್ರಿಯವನು ಊರಿಗೆ ಹೋಗಿಬಿಟ್ಟ ಅಂದ. ಅವ್ವ ಐವತ್ತು ವರ್ಷ, ಹೆಸರೂ ಗೊತ್ತಿಲ್ಲದ ಆ ಇಸ್ತ್ರಿಯವನಿಗೆ ಹಬ್ಬ ಹುಣ್ಣಿಮೆ ಬಿಡದೆ ಶಾಪ ಹಾಕಿದ್ದಾಳೆ.

ಸೌಟಿನ ಫೋಟೋ ತೆಗೆದುಕೊಂಡು ಝಂಡಾದ ಹಿಂದಿನ ದಿನ ಇಬ್ಬರೂ ಶಾಲೆಗೆ ಹೋದೆವು. ಹೆಡ್‌ಮಾಸ್ತರರು ಒಳ್ಳೆಯ ಮನುಷ್ಯ, ಆದರೆ ಬನಿಯನ್ನು ನೋಡಿ ಕಸಿವಿಸಿಗೊಂಡರು. ಮಕ್ಕಳು ನಗುತ್ತಾರೆ, ಯೂನಿಫಾರ್ಮಿನದು ಒಂದಾದರೂ ಇಲ್ಲವೇ ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲು ಗೋಡೆ ನೋಡಿದೆ. ಹದಿನಾಲ್ಕು ಫೋಟೋ ಸಾಲಾಗಿ ತೂಗುಬಿದ್ದಿದ್ದವು. ಒಂಬತ್ತರಲ್ಲಿ ಮೂರನೆಯ ಗುಂಡಿ ಕಪ್ಪಗಿತ್ತು.

ನನ್ನ ತಲೆ ಕಾದುಹೋಯಿತು. ಊರ ಹೊರಗಿನ ಹಳ್ಳ ದಾಟಿ ಹೋಗದವರೆಲ್ಲ ಅಪ್ಪನ ಕೋಟಿನಲ್ಲಿ ಹುತಾತ್ಮರ ಹಾಗೆ ನಿಂತಿದ್ದಾರೆ, ಅಪ್ಪನಿಗೆ ಮಾತ್ರ ಜಾಗ ಇಲ್ಲ. ಮೊಮ್ಮಕ್ಕಳು ಪಾಪ, ಅಟ್ಟದ ಮೇಲೆ ಸಿಕ್ಕ ಫೋಟೋದಲ್ಲಿ ಕೋಟು ಕಂಡು ಅಜ್ಜ ಸೈನಿಕನೇ ಎಂದು ನಂಬಿ ಕಳಿಸಿದ್ದಾರೆ. ಈಗಲೇ ಹೇಳಿ ಒಂಬತ್ತನ್ನೂ ಇಳಿಸುತ್ತೇನೆ ಎಂದು ನಾನು ಬಾಯಿ ತೆರೆದೆ. ಅವ್ವ ನನ್ನ ರಟ್ಟೆ ಹಿಡಿದಳು.

‘ಸುಮ್ನಿರಲೇ. ಆ ಕೋಟ ನೋಡಿ ಹೆಣ್ಣ ಕೊಟ್ಟಾರ. ಈಗ ಎಲ್ಲಾ ಮುದುಕ್ಯಾರ್ನೂ ತವರಮನಿಗೆ ಕಳಸ್ತೀ ಏನು?’

ಆಮೇಲೆ ಅವಳು ಒಂದೊಂದೇ ಫೋಟೋ ನೋಡುತ್ತ ಹೋದಳು. ಇವನು ಕೋಟು ಒಯ್ದಾಗ ನೀನು ಹೊಟ್ಟೆಯಲ್ಲಿದ್ದೆ, ಇವನು ತೋಳಿಗೆ ಅರಿಷಿಣ ಹತ್ತಿಸಿಕೊಂಡು ತಂದ, ತಿಕ್ಕಿ ತಿಕ್ಕಿ ನನ್ನ ಕೈ ಹೋಯಿತು ಎಂದು ಹೇಳುತ್ತಿದ್ದಳು. ಕೊನೆಯದರ ಮುಂದೆ ನಿಂತವಳು ಮುಂದೆ ಸರಿಯಲಿಲ್ಲ. ಅದು ನಮ್ಮ ಹಿಂದಿನ ಓಣಿಯ ಮುದುಕನ ಮದುವೆಯ ಫೋಟೋ, ಅವನು ಇನ್ನೂ ಗಟ್ಟಿಮುಟ್ಟಾಗಿದ್ದಾನೆ. ಬಾಸಿಂಗ, ಕೋಟು, ಎದೆ ಎಲ್ಲಾ ಇತ್ತು. ಮೊಬೈಲಿನಲ್ಲಿ ಕತ್ತರಿಸಿದ ಫೋಟೋದ ಅಂಚಿನಲ್ಲಿ ಇನ್ನೊಬ್ಬರ ಕೈ ಮಾತ್ರ ಉಳಿದುಕೊಂಡಿತ್ತು. ಆ ಕೈಯ ಮೇಲೆ ಒಂದು ಬಿಳಿ ಅಂಗಿ, ಸೊಟ್ಟ ಕಿರುಬೆರಳು. ಅಪ್ಪನ ಕಿರುಬೆರಳು ಹಂಡೆಯ ಮುಚ್ಚಳ ಬಿದ್ದು ಸೊಟ್ಟಗಾಗಿತ್ತು.

‘ಇದು ನಿಮ್ಮಪ್ಪನ ಕೈ’ ಅಂದಳು ಅವ್ವ.

ಅಲ್ಲಿಂದ ನೇರ ಆ ಮುದುಕನ ಮನೆಗೆ ಹೋದೆವು. ಕಟ್ಟೆಯ ಮೇಲೆ ಕೂತಿದ್ದವನು ನಮ್ಮನ್ನು ನೋಡಿ ಬಿಳಿಚಿಕೊಂಡ. ಮೊಮ್ಮಗಳನ್ನು ಚಹಾಕ್ಕೆ ಒಳಗೆ ಕಳಿಸಿದ. ಅವಳು ಹೋದದ್ದು ಖಾತ್ರಿ ಮಾಡಿಕೊಂಡು, ನಾನಾಗಿ ಯಾರಿಗೂ ಹೇಳಿದ್ದಲ್ಲ, ಹುಡುಗಿಯೇ ಕಳಿಸಿಬಿಟ್ಟಳು, ಸಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ, ಈಗ ಹೇಗೆ ಅಲ್ಲ ಅನ್ನಲಿ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಅವ್ವ ಅದಕ್ಕೆ ಕಿವಿಗೊಡದೆ, ಇಡೀ ಫೋಟೋ ತೋರಿಸರಿ ಕಾಕಾ ಅಂದಳು. ಅವನು ತಾನೇ ಸ್ಟೂಲು ಹತ್ತಿ ಗೋಡೆಯಿಂದ ಇಳಿಸಿದ.

ನಡುವೆ ಮದುಮಗ, ಕೋಟಿನಲ್ಲಿ. ಬಾಜೂಕ ಅಪ್ಪ, ಬನಿಯನ್ನಿನಲ್ಲಿ. ಮದುಮಗನ ಬಿಚ್ಚಿದ ಅಂಗಿ ತೋಳಿಗೆ ಹಾಕಿಕೊಂಡು, ಫೋಟೋ ಮುಗಿದ ಕೂಡಲೇ ಕೋಟು ಇಸಕೊಳ್ಳಲು ತಯಾರಾಗಿ ನಿಂತಿದ್ದಾನೆ. ಹಲ್ಲು ಬಿಟ್ಟು ನಗುತ್ತಿದ್ದಾನೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಆ ವಯಸ್ಸಿನ ಅಪ್ಪನನ್ನು ಅಷ್ಟು ಖುಷಿಯಲ್ಲಿ ನಾನು ನೋಡಿದ್ದು ಅದೇ ಮೊದಲು.

‘ಮರುದಿನ ಅಂವಂದ ಮದುವಿ ಇತ್ತವಾ’ ಅಂದ ಮುದುಕ. ‘ಸಂಜಿ ಮುಂದ ಲಾರಿ ಹೊಂಟಿತ್ತು. ಕೋಟ ಕೊಡೋ ಅಂದ. ನನಗ ಮೆರವಣಿಗಿ ಇನ್ನೂ ಆಗಿದ್ದಿಲ್ಲ, ಬಿಚ್ಚಾಕ ಮನಸ್ಸ ಬರ್ಲಿಲ್ಲ. ಇರ್ಲಿ ಬಿಡು ಅಂತ ನನ್ನ ಅಂಗೀನ ಹಾಕ್ಕೊಂಡ ಹೋದ. ಕೋಟ ಆಮ್ಯಾಲೆ ತಿರುಗಿ ಕೊಟ್ಟೆ.’

ಇಸ್ತ್ರಿಯವನು ಅನ್ನುವ ಪ್ರಾಣಿಯೇ ಇರಲಿಲ್ಲ ಎಂದು ನಾನು ನಗಲು ಹೋದೆ, ಅವ್ವನ ಮುಖ ನೋಡಿ ನಗು ನುಂಗಿದೆ. ಚಹಾ ಬಂತು, ಕುಡಿದಳು. ಲೋಟ ಕೆಳಗಿಟ್ಟು, ನಾಳೆ ಗೋಡೆಗೆ ಈ ಇಡೀ ಫೋಟೋ ಬೇಕು ಅಂದಳು. ಇಡೀದು ಹಾಕಿದರೆ ಸೈನಿಕ ಯಾರು ಎಂದು ಮಕ್ಕಳು ಕೇಳುತ್ತಾರಲ್ಲ ಎಂದು ಮುದುಕ ಒಳಗಿದ್ದ ಮೊಮ್ಮಗಳ ಕಡೆ ನೋಡಿದ. ಅದು ನಿಮಗೆ ಬಿಟ್ಟದ್ದು ಕಾಕಾ ಎಂದು ಅವ್ವ ಎದ್ದಳು.

ಮರುದಿನ ಅವ್ವ ಶಾಲೆಗೆ ಬಂದಳು, ಆದರೆ ಬಾಗಿಲ ಹೊರಗೆ ಬೇವಿನ ಗಿಡದ ಕೆಳಗೆ ನಿಂತಳು. ಝಂಡಾ ಏರಿತು, ಬೂಂದಿ ಹಂಚಿದರು. ಭಾಷಣ ಶುರುವಾಗುವ ಹೊತ್ತಿಗೆ ಮುದುಕ ಫೋಟೋವನ್ನು ಟಾವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಬಂದ. ಹೆಡ್‌ಮಾಸ್ತರರ ಕೈಯಿಂದ ಮೈಕು ಇಸಕೊಂಡ. ಮೊಮ್ಮಗಳು ಮುಂದಿನ ಸಾಲಿನಲ್ಲಿ ನಿಂತಿದ್ದಳು.

‘ಕೋಟ ಈ ಬನಿಯನ್ನದಾಂವಂದು. ನಾ ಮಿಲಿಟ್ರಿಗೆ ಹೋಗಿಲ್ಲ. ಇಂವ ಹೋಗಿದ್ದ’ ಅಂದ.

ಹುಡುಗರು ಗೊಳ್ಳೆಂದು ನಕ್ಕರು. ಮೊಮ್ಮಗಳು ತಲೆ ತಗ್ಗಿಸಿದಳು, ಆಮೇಲೆ ಹೋಗಿ ಅಜ್ಜನ ಕೈಯಿಂದ ಫೋಟೋ ತೆಗೆದುಕೊಂಡು ತಾನೇ ಮೊಳೆಗೆ ಹಾಕಿದಳು. ಉಳಿದ ಎಂಟು ಮನೆಗಳ ಹಿರಿಯರು ಬೂಂದಿಯಲ್ಲಿ ಏನೋ ಕಳೆದುಕೊಂಡವರಂತೆ ಕೈಯ ಕಾಗದವನ್ನೇ ನೋಡುತ್ತಿದ್ದರು. ನಾನು ನಾಲಿಗೆ ಕಚ್ಚಿಕೊಂಡು ನಿಂತೆ. ಅವ್ವ ಒಳಗೆ ಬಂದಳು, ಗೋಡೆಯವರೆಗೆ ಹೋಗಿ ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದಳು. ಮುದುಕ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

‘ಕಾಕಾ, ನಿಮ್ಮ ಅಂಗಿ ಇನ್ನೂ ನಮ್ಮ ಟ್ರಂಕಿನಾಗ ಐತ್ರಿ’ ಅಂದಳು. ‘ವಾಪಸ್ ಕೊಡಾಂಗಿಲ್ಲ. ಅದನ್ನ ಹಾಕ್ಕೊಂಡ ನನ್ನ ಮದುವಿ ಆಗ್ಯಾನ.’