ಅನ್ನ ಇಡುವ ಸೀಟಿ

ಡಾಕ್ಟರಿಗೆ ತೋರಿಸಿ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದ್ದು ಬಿಟ್ಟರೆ ಆರು ವರ್ಷ ಬೇರೇನೂ ಆಗಲಿಲ್ಲ. ನನ್ನ ಗಂಡ ರಾಮನಾಥ ಅಂಥ ಮನುಷ್ಯ. ಎಡಗಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಇವರಿಗೊಂದು ಗಂಟು. ಮೊದಲು ಕಡಲೆಕಾಳಿನಷ್ಟಿತ್ತು, ಆಮೇಲೆ ನೆಲ್ಲಿಕಾಯಿ, ಕೊನೆಗೆ ಲಿಂಬೆಹಣ್ಣು. ಕೇಳಿದರೆ, "ನೋವಿಲ್ಲ ಮಾರಾಯ್ತಿ, ಅದರಷ್ಟಕ್ಕೆ ಅದು ಅದೆ" ಅನ್ನುವುದು. ಬಾಡಿಗೆಗೆ ಕೂರಿಸಿಕೊಂಡವರ ಹಾಗೆ!

ಇವರು ಕಾರವಾರ-ಅಂಕೋಲಾ ಬಸ್ಸಿನ ಕಂಡಕ್ಟರು. ಅವರ್ಸಾದಲ್ಲಿ ಹೆದ್ದಾರಿಗೆ ತಾಗಿಯೇ ನಮ್ಮ ಮನೆ. ಮಧ್ಯಾಹ್ನ ಹನ್ನೆರಡೂವರೆಗೆ ಬಸ್ಸು ಮನೆಯೆದುರು ಹಾಯುವಾಗ ಇವರದೊಂದು ಉದ್ದ ಸೀಟಿ. ಅಂದರೆ, ಅನ್ನ ಇಡು ಎಂದರ್ಥ. ಕುಚ್ಚಲಕ್ಕಿ ಬೇಯಲು ಒಂದು ತಾಸು ಬೇಕು, ಇವರು ಅಂಕೋಲೆಯಲ್ಲಿ ಡ್ಯೂಟಿ ಮುಗಿಸಿ ತಿರುಗಿ ಬರಲಿಕ್ಕೂ ಅಷ್ಟೇ ಹೊತ್ತು. ನನಗೇನು ಗಡಿಯಾರ ನೋಡಲು ಬರುವುದಿಲ್ಲವೇ? ಇಪ್ಪತ್ತು ವರ್ಷದಿಂದ ಊರಿಗೆಲ್ಲ ಕೇಳುವ ಸೀಟಿ. ಪಕ್ಕದ ಮನೆ ನಾಗಶ್ರೀ ಬೇಲಿಯಾಚೆಯಿಂದ, "ನೀತಕ್ಕಾ, ನಿಮ್ಮ ಸೀಟಿ ಬಂತು" ಎಂದು ನಗುವಾಗ ನನಗೆ ತಲೆ ಎತ್ತಲು ನಾಚಿಕೆ.

ಗಂಟಿಗೆ ನಮ್ಮ ಅತ್ತಿಗೆ ಬೊಮ್ಮಿ ಹೇಳಿದ ಮದ್ದು ಬೇರೆ. "ಇದು ಮಂಗನಬಾವು. ಬಂಗಾರದ ಸರ ಹಾಕಂಡ್ರೆ ಇಳೀತದೆ" ಎಂದಳು. ಡಾಕ್ಟರ ಹತ್ತಿರ ಹೋಗಲು ಕಾಲು ಬಾರದ ಇವರಿಗೆ ಇದು ಮಾತ್ರ ತಕ್ಷಣ ರುಚಿಸಿತು. ನನ್ನ ಎರಡೆಳೆಯ ಸರ ಖಾಕಿ ಅಂಗಿಯ ಮೇಲೆ ಹಾಕಿಕೊಂಡು ಮೂರು ತಿಂಗಳು ಟಿಕೆಟು ಹರಿದರು. ಬಿಣಗಾದಲ್ಲಿ ಹತ್ತುವ ಕಾರ್ಖಾನೆಯವರು, "ಕಂಡಕ್ಟ್ರೇ, ಮದುವೆ ಯಾವಾಗ?" ಎಂದು ಕೇಳುತ್ತಿದ್ದರಂತೆ. ಮಂಗನಬಾವು ವಾರದಲ್ಲಿ ಇಳಿಯುತ್ತದೆ. ವರ್ಷಗಟ್ಟಲೆ ಕೂತಿರುತ್ತದೆಯೇ? ಅಷ್ಟೂ ತಲೆ ಬೇಡವೇ?

ಈ ವರ್ಷ ನಾನೂ ಹಟಕ್ಕೆ ಬಿದ್ದೆ. "ಡಾಕ್ಟರಿಗೆ ತೋರ್ಸದಿದ್ರೆ ನಾಳೆಯಿಂದ ನಿಮ್ಗೆ ಅನ್ನ ಇಲ್ಲ, ಸೀಟಿ ಹೊಡೀರಿ, ಡೋಲು ಬಡೀರಿ" ಎಂದೆ. ಕಾರವಾರಕ್ಕೆ ಎಳೆದುಕೊಂಡು ಹೋದೆ.

ಡಾಕ್ಟರ್ ಶ್ರೀರಕ್ಷಾ ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಿ, ಇದು ಜೊಲ್ಲು ಮಾಡುವ ಗ್ರಂಥಿಯ ಗಂಟು, ಕ್ಯಾನ್ಸರ್ ಅಲ್ಲ ಎಂದರು. ಆದರೆ ಹೀಗೇ ಬಿಟ್ಟರೆ ಎಲ್ಲೋ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುವುದೂ ಉಂಟಂತೆ.

"ಸಣ್ಣ ಗೀರು ಹಾಕಿ ಗಂಟೊಂದ್ನೇ ಕೆದರಿ ತೆಗೂಕೆ ಬರೂದಿಲ್ವಾ?" ಇವರ ಪ್ರಶ್ನೆ.

"ಹಾಗೆ ಮಾಡಬಾರದು. ಅದರ ಸಿಪ್ಪೆ ಬಹಳ ತೆಳು, ಒಡೆದು ಒಂದು ಚೂರು ಉಳಿದರೂ ಮತ್ತೆ ನಾಲ್ಕು ಕಡೆ ಗಂಟು ಏಳ್ತದೆ. ಸಣ್ಣದಿದ್ದಾಗ ಬಂದಿದ್ದರೆ ಸುತ್ತಲಿನ ಸ್ವಲ್ಪ ಭಾಗ ಸೇರಿಸಿ ಗಂಟಷ್ಟೇ ತೆಗೀಬಹುದಿತ್ತು. ಈಗ ಗ್ರಂಥಿಯ ಹೊರಭಾಗವನ್ನೇ ತೆಗೀಬೇಕು. ಮುಖದ ನರ ಅದರೊಳಗೇ ಹಾದುಹೋಗ್ತದೆ. ಮೊದಲು ಅದನ್ನು ಹುಡುಕಿ, ಉಳಿಸಿಕೊಂಡು ತೆಗೀತೇವೆ. ಕೆಲವು ತಿಂಗಳು ಬಾಯಿ ಸೊಟ್ಟ ಆಗಬಹುದು. ಹೆಚ್ಚಿನವರಿಗೆ ಸರಿಹೋಗ್ತದೆ."

'ಸಣ್ಣದಿದ್ದಾಗ' ಎಂದ ಕೂಡಲೇ ನಾನು ಇವರನ್ನು ನುಂಗುವ ಹಾಗೆ ನೋಡಿದೆ. ಇವರ ಗಮನ ನನ್ನ ಮೇಲಿರಲಿಲ್ಲ.

"ಮೇಡಂ, ಸೀಟಿ ಹೊಡೂಕೆ ಬರ್ತದಾ?"

ಡಾಕ್ಟರಿಗೆ ನಗು ಬಂತು. "ಬಸ್ಸಿಗೆ ಗಂಟೆ ಇಲ್ವಾ?"

"ಬಸ್ಸಿಗೆ ಗಂಟೆ ಸಾಕು. ಇದು ಮನೆಗೆ. ಇವ್ಳು ಕಾಯ್ತಾ ಇರ್ತಾಳೆ."

ಆಗ ಹೊರಬಿತ್ತು ನೋಡಿ. ಗಂಟು ಕಡಲೆಕಾಳಿನಷ್ಟಿದ್ದಾಗಲೇ ಯಾರೋ ಡಾಕ್ಟರಿಗೆ ತೋರಿಸಿ, ಬಾಯಿ ಸೊಟ್ಟ ಆದೀತು ಎಂಬ ಮಾತು ಕೇಳಿಕೊಂಡು ಬಂದು, ತುಟಿ ಪಿಟಕ್ಕೆನ್ನದೆ ಕುಳಿತಿದ್ದರಂತೆ. ಈ ಸೀಟಿಗಾಗಿ ಆರು ವರ್ಷ! "ನಾ ಕಾಯ್ತೆ ಅಂತ ನಿಮ್ಗೆ ಹೇಳ್ದವ್ರು ಯಾರು?" ಎಂದು ಡಾಕ್ಟರ ಎದುರೇ ಕೂಗಿದೆ. ಕೂಗುತ್ತಾ ಕೂಗುತ್ತಾ ಅಳು ಬಂತು.

ಆಪರೇಷನ್ ಆಯಿತು. ಗಂಟು ಪೂರ್ತಿ ಬಂತು. ನರವೂ ಉಳಿಯಿತು, ಆದರೆ ತುಟಿಯ ಎಡಬದಿ ಜೋತುಬಿತ್ತು. ಕುಡಿದ ಚಾ ಅಂಗಿಯ ಮೇಲೆ. ರಜೆಯಲ್ಲಿ ದಿನಾ ಬಾವಿಕಟ್ಟೆಯ ಹಿಂದೆ ನಿಂತು ಸೀಟಿ ಊದುತ್ತಿದ್ದರು, ನನಗೆ ಗೊತ್ತಾಗುವುದಿಲ್ಲವೆಂದು. ಬರುತ್ತಿದ್ದುದು ಬರೀ ಗಾಳಿ. ಏಳು ವಾರವಾದರೂ ಗಾಳಿಯೇ. ಬೈಯಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ನನ್ನ ಸ್ವಭಾವಕ್ಕೆ ಅದು ಎಷ್ಟು ಕಷ್ಟ ಎಂದು ನನಗೇ ಗೊತ್ತು.

ಮತ್ತೆ ಡ್ಯೂಟಿಗೆ ಹೋದ ದಿನ ನಾನು ಹನ್ನೆರಡಕ್ಕೇ ಅನ್ನ ಇಟ್ಟು, ಸಟ್ಟುಗ ಹಿಡಿದುಕೊಂಡೇ ರಸ್ತೆಗೆ ಬಂದೆ. ಹನ್ನೆರಡೂವರೆಗೆ ಬಸ್ಸು ಬಂತು. ಹಿಂದಿನ ಬಾಗಿಲಲ್ಲಿ ಇವರು, ಬಾಯಲ್ಲಿ ಸೀಟಿ. ಕೆನ್ನೆ ಉಬ್ಬಿತು, ಕಣ್ಣು ಕೆಂಪಾಯಿತು. ಸದ್ದು ಬರಲಿಲ್ಲ. ಇವರ ಮುಖ ಬಾಡಿತು.

ಸಟ್ಟುಗ ಎತ್ತಿ ಕೂಗಿದೆ, "ಕೇಳ್ತು! ಕೇಳ್ತು ಮಾರಾಯ್ರೇ! ಅನ್ನ ಇಟ್ಟಾಯ್ತು!"

ಇವರು ಅರ್ಧ ಬಾಯಲ್ಲಿ ನಕ್ಕರು. ಬಸ್ಸು ದಾಟಿತು.

ಬೇಲಿಯಾಚೆಯಿಂದ ನಾಗಶ್ರೀ ಇಣುಕಿದಳು. "ಯಾವ ಸೀಟಿ ನೀತಕ್ಕಾ? ನಂಗೆ ಕೇಳಲೇ ಇಲ್ವಲ್ಲ?"

"ಹಂಗಾದ್ರೆ ನಿನ್ನ ಕಿವಿ ಡಾಕ್ಟರಿಗೆ ತೋರ್ಸು" ಎಂದು ಒಳಗೆ ಬಂದೆ.