ನಸರುಲ್ಲಾ ಮತ್ತು ಸತ್ತ ಇಲಿಯ ವಾಸನೆ

ನಸರುಲ್ಲಾ ಅವರು ಹತ್ತೊಂಬತ್ತು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದಾರೆ. ವಿನೋಬನಗರದಲ್ಲಿ ಅವರು ಕೂರಿಸಿದ ಸ್ವಿಚ್‌ಬೋರ್ಡು ಇಲ್ಲದ ಬೀದಿಯಿಲ್ಲ. ಆದರೆ ಮನೆಮನೆಗೂ ಫಾಲ್ಸ್ ಸೀಲಿಂಗ್ ಬಂದ ಮೇಲೆ ಅವರ ಗ್ರಹಚಾರ ಕೆಟ್ಟಿತು. ಅದರ ಮೇಲೆ ಇಲಿ ಸತ್ತರೆ ಲೈಟು ಬಿಚ್ಚಿ ಕೈ ಹಾಕುವವರು ಬೇಕಲ್ಲ? ಯಾರದೋ ಮನೆಯಲ್ಲಿ ದಾಕ್ಷಿಣ್ಯಕ್ಕೆ ಒಂದು ಸಲ ತೆಗೆದುಕೊಟ್ಟರು, ಅಷ್ಟೇ. ಈಗ ಭದ್ರಾವತಿಯಿಂದಲೂ ಅದಕ್ಕೇ ಫೋನು ಬರುತ್ತದೆ.

ಕಳೆದ ತಿಂಗಳು ನಮ್ಮ ಮನೆಯ ಸರದಿ. ಅಮ್ಮ ಇಲಿ ಪಾಷಾಣ ಇಟ್ಟಿದ್ದರು. ವಿಷ ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ಇಲಿಗೆ ಅದನ್ನು ಯಾರೂ ಹೇಳಿರಲಿಲ್ಲ. ಮೂರು ದಿನ ನಾವು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಓಡಾಡಿದೆವು, ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಅಪ್ಪ ಫೋನು ಮಾಡಿ ಬರೀ "ಬಾ" ಎಂದಿದ್ದರು. ನಸರುಲ್ಲಾ ಅಳತೆ ಟೇಪು, ನೋಟ್‌ಬುಕ್ಕು ಹಿಡಿದು ಉತ್ಸಾಹದಲ್ಲಿ ಬಂದರು. ನಾವು ಮೇಲೊಂದು ಮನೆ ಕಟ್ಟಿಸುತ್ತಿದ್ದೆವು. ಅದರ ವೈರಿಂಗ್ ತಮಗೇ ಸಿಗುತ್ತದೆ ಎಂದು ಅವರು ಕಾದಿದ್ದು ನನಗೆ ಗೊತ್ತಿತ್ತು. ಬಾಗಿಲು ದಾಟುತ್ತಲೇ ಅವರ ಮುಖ ಬಾಡಿತು. ಒಳಗೆ ಎದುರಿಗಿದ್ದವರು ಕಾಣದಷ್ಟು ಸಾಂಬ್ರಾಣಿ ಹೊಗೆ.

"ಅಮ್ಮಾ, ನಾನು ಬರೋ ಮುಂಚೆ ಧೂಪ ಹಾಕಿದ್ರೆ ಇಲಿ ಎಲ್ಲಿದೆ ಅಂತ ಹೆಂಗೆ ಹುಡುಕ್ಲಿ? ಎಲ್ಲಾ ಮನೇಲೂ ಇದೇ ಕಥೆ!"

"ಮನೆಗೆ ಬರೋರಿಗೆ ವಾಸನೆ ಹೊಡೀಬಾರ್ದು ಅಂತ ಹಾಕ್ದೆ ಮಾರಾಯ" ಎಂದರು ಅಮ್ಮ. ವಾಸನೆ ಹಿಡಿಯಲೆಂದೇ ಕರೆಸಿದವರಿಗೂ ಈ ಮರ್ಯಾದೆ! ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಹೊಗೆ ಹೋಗಲು ಒಂದು ಗಂಟೆ ಹಿಡಿಯಿತು. ಆಮೇಲೆ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಒಂದೊಂದು ಮೂಲೆಯಲ್ಲೂ ನಿಂತು ಮೂಸಿದರು. ಹಾಲಿನ ಮೂಲೆಯ ಲೈಟಿನ ಸುತ್ತ ನೊಣ ಕಂಡವು. ಗ್ಲೌಸು ಹಾಕಿ ಇಲಿಯನ್ನು ತೆಗೆದು, ಹಿತ್ತಲಲ್ಲಿ ಸುಣ್ಣ ಹಾಕಿ ಹೂತರು. ಅದು ಬಿದ್ದಿದ್ದ ಜಾಗವನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಒರೆಸಿ, ವಾಸನೆ ಹೀರಲು ತಟ್ಟೆಯಲ್ಲಿ ಇದ್ದಿಲು ಇಟ್ಟರು. ಇಲಿ ನುಗ್ಗಿದ್ದ ಪೈಪಿನ ಸಂದಿಗೆ ಜಾಲರಿ ಬಡಿದು ಸಿಮೆಂಟು ಮೆತ್ತಿದರು. ಇದನ್ನು ಮಾಡಿ ಎಂದು ಯಾರೂ ಹೇಳಿರಲಿಲ್ಲ.

ಕೈ ತೊಳೆದು ಬಂದು ಅಪ್ಪನನ್ನು ಕೇಳಿದರು. "ಯಜಮಾನ್ರೇ, ಮೇಲಿನ ವೈರಿಂಗ್ ಯಾವಾಗ ಶುರು ಮಾಡ್ಲಿ?"

"ಅದನ್ನ ಕಾಂತರಾಜ್‌ಗೆ ಹೇಳ್ಬಿಟ್ಟೆ ಮಾರಾಯ. ನೀನು ಈಗ ಇಲಿ ಲೈನಲ್ಲಿದ್ದೀಯಲ್ಲ."

"ಈ ಕೆಳಗಿನ ಮನೆ ವೈರಿಂಗ್ ಯಾರು ಮಾಡಿದ್ದು ಯಜಮಾನ್ರೇ?"

"ನೀನೇ. ಇಲ್ಲ ಅಂದೋರ್ಯಾರು?"

ನಸರುಲ್ಲಾ ಅವರು ಅಮ್ಮ ತಂದ ಕಾಫಿ ಮುಟ್ಟದೆ ಟೇಪು, ನೋಟ್‌ಬುಕ್ಕು ಎತ್ತಿಕೊಂಡು ಹೊರಟರು.

ನನಗೆ ಮೈಯೆಲ್ಲ ಉರಿದುಹೋಯಿತು. "ಅಪ್ಪಾ, ಹನ್ನೆರಡು ವರ್ಷದಿಂದ ಈ ಮನೇಲಿ ಒಂದು ಫ್ಯೂಸ್ ಹೋಗಿಲ್ಲ. ಆ ಮನುಷ್ಯ ನಿಮ್ ಕಣ್ಣಿಗೆ ಇಲಿ ಹಿಡಿಯೋನಾಗಿ ಕಂಡ್ರಾ? ನಾಚಿಕೆ ಆಗಲ್ವಾ?" ಎಂದು ಜಗಳಕ್ಕೇ ನಿಂತೆ. ಅಪ್ಪ ಮೊದಲು ಗೊಣಗಿದರು, ಆಮೇಲೆ ತಣ್ಣಗಾದರು. "ಸರಿ ರಶ್ಮಿ, ಕಾಂತರಾಜ್‌ಗೆ ನಾನು ಏನಾದ್ರೂ ಹೇಳ್ತೀನಿ. ಈಗ ನನ್ ಫೋನು ಅವನು ಎತ್ತಲ್ಲ, ನಿನ್ ಫೋನಿಂದ ಮಾಡು, ನಾನೇ ಮಾತಾಡ್ತೀನಿ" ಎಂದರು.

ಗೆದ್ದ ಗತ್ತಿನಲ್ಲೇ ಫೋನು ತೆಗೆದು ಅವರ ಹೆಸರು ಹುಡುಕಿದೆ. ಬರಲಿಲ್ಲ. ವೈರಿಂಗ್ ಎಂದು ಹಾಕಿದೆ, ಎಲೆಕ್ಟ್ರಿಷಿಯನ್ ಎಂದು ಹಾಕಿದೆ. ಊಹೂಂ. ಅಪ್ಪ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದರು. ಕೊನೆಗೆ ಒಂದೊಂದೇ ಹೆಸರು ಸರಿಸುತ್ತಾ ಹೋದಾಗ ನಂಬರು ಸಿಕ್ಕಿತು. ನಾನೇ ಬರೆದಿಟ್ಟುಕೊಂಡಿದ್ದೆ: "ಇಲಿಯವರು."