ಡಬ್ಬಿಂಗ್ ಕೋಣೆಯ ಹಕಾರ

ಇದನ್ನು ಕಥೆಯೆಂದು ಓದಬೇಡಿ. ನಡೆದುದನ್ನು ನಡೆದ ಕ್ರಮದಲ್ಲಿಯೇ, ಒಂದು ಮಾತನ್ನೂ ಸೇರಿಸದೆ ಬರೆಯುತ್ತಿದ್ದೇನೆ.

ನನ್ನ ಹೆಸರು ಹರಿಣಿ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಹತ್ತನೆಯ ತರಗತಿ ಮುಗಿಸಿ ದೂರವಾಗುವ ನಾಲ್ವರು ಗೆಳತಿಯರ ಕುರಿತು ನನ್ನ ಸಹಪಾಠಿ ನಿಖಿಲ್ ಒಂದು ಕಿರುಚಿತ್ರ ಮಾಡಿದ್ದ. ಡಬ್ಬಿಂಗ್ ವೇಳೆ ಉಚ್ಚಾರಣೆ ತಿದ್ದುವ ಕೆಲಸ ನನ್ನದಾಗಿತ್ತು.

ಕುಮಾರಸ್ವಾಮಿ ಲೇಔಟ್‌ನ ಕಟ್ಟಡವೊಂದರ ನೆಲಮಾಳಿಗೆ. ರಾತ್ರಿ ಎಂಟೂವರೆ. ಗಾಜಿನ ಆಚೆ ಮೈಕಿನ ಕೋಣೆ. ಈಚೆ ನಾನು, ನಿಖಿಲ್, ಸೌಂಡ್ ಎಂಜಿನಿಯರ್ ಕಿರಣ್.

ಚಿತ್ರದ ಕೊನೆಯ ಮಾತನ್ನು ಸಾರಕ್ಕಿಯ ಪವಿ ಹೇಳಬೇಕಿತ್ತು. ಹದಿನಾರರ ಹುಡುಗಿ. ಮಾತು ಇಷ್ಟೇ: "ಹೇಮಾ, ಹೆದರ್ಬೇಡ ಕಣೆ."

"ಏಮಾ, ಎದರ್ಬೇಡ ಕಣೆ."

ಹದಿನೇಳು ಬಾರಿಯೂ ಹಾಗೆಯೇ...

"ನೋಡು ಹರಿಣಿ, ಒಂಬತ್ತರೊಳಗೆ ಸರಿಹೋಗ್ಲಿಲ್ಲ ಅಂದ್ರೆ ನಾಳೆ ಬೇರೆ ಹುಡುಗಿ ವಾಯ್ಸ್ ಹಾಕಿಸ್ತೀನಿ," ಎಂದ ನಿಖಿಲ್, ಟೀ ಕುಡಿಯಲು ಮೇಲೆ ಹೋದ.

ನಾನು ಆಚೆ ಕೇಳಿಸುವ ಗುಂಡಿ ಒತ್ತಿ ರೇಗಿದೆ. "ಏನೇ, ಕಿವಿ ಕೇಳ್ಸಲ್ವಾ? ಅಕ್ಕಿ ಬೇರೆ, ಹಕ್ಕಿ ಬೇರೆ!"

"ಅಕ್ಕಾ, ನಮ್ಮನೇಲಿ ಎಲ್ರೂ ಇಂಗೇ ಮಾತಾಡದು..."

"ಅದಕ್ಕೇ ಅಲ್ವಾ ಈ ಗತಿ?"

ಕಾಲೇಜಿನ ಮೊದಲ ದಿನ ನಾನು ಹೆಸರು ಹೇಳಿದಾಗ ಇಡೀ ತರಗತಿ ನಕ್ಕಿತ್ತು. ಹಕಾರ ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು. ಅದನ್ನು ಪವಿಗೆ ಹೇಳಲಿಲ್ಲ.

ಅವಳು ಕಣ್ಣೊರೆಸಿಕೊಂಡು ನೀರು ಕುಡಿಯಲು ಹೊರಗೆ ಹೋದಳು. ಮೈಕಿನ ಕೋಣೆ ಖಾಲಿಯಾಯಿತು.

ಆಗ ನನ್ನ ಹೆಡ್‌ಫೋನಿನಲ್ಲಿ ಉಸಿರು ಕೇಳಿಸಿತು.

"ಹ... ಹ... ಹ..."

ಯಾರೋ ಅಕ್ಷರ ಕಲಿಯುತ್ತಿರುವಂತೆ. ಹಿಂದೆಯೇ ಸೀಮೆಸುಣ್ಣದ ಪುಡಿಯ ವಾಸನೆ, ಗಂಟಲು ಕೆರೆಯಿತು. ಗಾಜಿನಾಚೆ ಯಾರೂ ಇರಲಿಲ್ಲ.

"ನಿನ್ ಎಸ್ರೇಳು."

ಪವಿಯ ಧ್ವನಿಯಲ್ಲ. ವಯಸ್ಸು ತಿಳಿಯದ, ಒಣಗಿದ ಹೆಣ್ಣುಧ್ವನಿ. ನಾನು ಕಿರಣ್ ಕಡೆ ನೋಡಿದೆ; ಅವರು ಪರದೆಯಲ್ಲೇ ಮುಳುಗಿದ್ದರು.

"ಏನೇ, ಕಿವಿ ಕೇಳ್ಸಲ್ವಾ?"

ನನ್ನ ಬಾಯಿ ತಾನಾಗಿಯೇ ತೆರೆಯಿತು. "ಅರಿಣಿ."

ಕಿವಿಯ ತುಂಬ ನಗು... ಒಬ್ಬರದಲ್ಲ, ಒಂದು ಕೋಣೆ ತುಂಬುವಷ್ಟು ಜನರದು. ಹೆಡ್‌ಫೋನ್ ಕಿತ್ತೆಸೆದೆ.

"ಯಾರ್ ಜೊತೆ ಮಾತಾಡ್ತಿದ್ದೀರಾ ಮೇಡಂ?" ಕಿರಣ್ ತಿರುಗಿ ನೋಡಿದರು. "ಮೈಕ್ ಆಫ್ ಮಾಡಿದ್ದೀನಲ್ಲ."

ನಿಖಿಲ್, ಪವಿ ಇಬ್ಬರೂ ಮರಳಿದರು. ಪವಿ ಮೈಕಿನ ಮುಂದೆ ನಿಂತಳು.

"ಹೇಮಾ, ಹೆದರ್ಬೇಡ ಕಣೆ."

ಒಂದೇ ಬಾರಿಗೆ. ಎಲ್ಲಿಯೂ ತಪ್ಪಿಲ್ಲ.

"ಸಖತ್ ಮಗಾ! ನಿನ್ ವಾಯ್ಸೇ ಫೈನಲ್!" ನಿಖಿಲ್ ಚಪ್ಪಾಳೆ ತಟ್ಟಿದ.

ಪವಿ ನಗಲಿಲ್ಲ. ಮೈಕಿನ ಮುಂದಿನಿಂದಲೇ, ನನ್ನನ್ನೇ ನೋಡುತ್ತ ಕೇಳಿದಳು: "ಸರಿಯಾಯ್ತಾ, ಹರಿಣಿ ಅಕ್ಕಾ?"

"ಔದು," ಎಂದೆ.

ನಾನು ತಮಾಷೆ ಮಾಡಿದೆನೆಂದುಕೊಂಡು ಕಿರಣ್ ನಕ್ಕರು.

ಏಳು ತಿಂಗಳಾದವು. ಗಂಟಲಿನಲ್ಲಿ ಯಾವ ದೋಷವೂ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ಫೋನಿನಲ್ಲಿ ಯಾರಾದರೂ ಹೆಸರು ಕೇಳಿದರೆ ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ ಹೇಳುತ್ತೇನೆ: ಎಚ್, ಎ, ಆರ್...

ಎಚ್ ಎನ್ನಲು ಹಕಾರ ಬೇಕಾಗುವುದಿಲ್ಲ.